ಕಂಚಿನ ಗಂಟೆಗೆ ಹೆಸರು ಕೊಡದ ಒಟ್ಟೀಲಿ

ಒಟ್ಟೀಲಿಯ ಕೈಗಳು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ಹಗ್ಗ ಹಿಡಿಯದ ಹೊತ್ತಿನಲ್ಲಿ ಏಪ್ರನ್ನಿನ ಅಂಚನ್ನು ತಿರುಚುತ್ತಿದ್ದಳು. ಅದೂ ಇಲ್ಲದಿದ್ದರೆ ಮೇಜಿನ ಮೇಲೆ ಬಿದ್ದ ಬ್ರೆಡ್ಡಿನ ಪುಡಿಯನ್ನು ಒತ್ತಿ ಒತ್ತಿ ಉಂಡೆ ಕಟ್ಟುತ್ತಿದ್ದಳು.

ಅವಳ ಗಂಡ ನಮ್ಮ ಹಾಸೆಲ್‌ಬ್ರುನ್ ಊರಿನ ಚರ್ಚಿನಲ್ಲಿ ಗಂಟೆ ಬಾರಿಸುವವನು. ಅವನು ಎದೆನೋವು ಬಂದು ತೀರಿಕೊಂಡಾಗ ಹಗ್ಗ ಇವಳ ಕೈಗೆ ಬಂತು. ಹೆಂಗಸಿಗೆ ಆ ಕೆಲಸ ಕೊಡಲು ಪಾದ್ರಿಗಳಿಗೆ ಮನಸ್ಸಿರಲಿಲ್ಲ. ಆದರೆ ಊರಿನ ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರು, ಇನ್ನಾರಿಗೆ ಕೊಟ್ಟಾರು? ಮೂರು ಹೊತ್ತು ಪ್ರಾರ್ಥನೆಗೆ ಬಾರಿಸಬೇಕು, ಸತ್ತವರಿಗೆ ಬಾರಿಸಬೇಕು, ಆಲಿಕಲ್ಲಿನ ಮೋಡ ಕವಿದರೆ ಅದು ಚದುರಲೆಂದು ಇದ್ದಲ್ಲಿಂದ ಓಡಿಬಂದು ಬಾರಿಸಬೇಕು. ನಮ್ಮ ಮನೆ ಗೋಪುರದ ಎದುರಿಗೇ ಇತ್ತು. ದೊಡ್ಡ ಗಂಟೆ ಒಬ್ಬಳ ಕೈಗೆ ಬಗ್ಗದ ದಿನ ನಾನೂ ಹೋಗಿ ಹಗ್ಗಕ್ಕೆ ಜೋತುಬೀಳುತ್ತಿದ್ದೆ.

ಆ ದೊಡ್ಡ ಗಂಟೆಯ ಹೆಸರು ಅನ್ನಾ. ನಮ್ಮಲ್ಲಿ ಗಂಟೆಗೂ ಮಗುವಿಗಿಟ್ಟ ಹಾಗೆ ಹೆಸರಿಡುತ್ತಾರೆ. ಮೊದಲ ಮಹಾಯುದ್ಧ ಮುಗಿಯುವ ಹಿಂದಿನ ವರ್ಷ ಸರ್ಕಾರದವರು ಬಂದು ಅನ್ನಾಳನ್ನು ಇಳಿಸಿದರು. ಫಿರಂಗಿಯ ಗುಂಡಿಗೆ ತಾಮ್ರ ಸಾಲದು, ಗಂಟೆಯ ಕಂಚು ಕರಗಿಸಬೇಕು ಎಂದರು. ನಾವು ಹೆಂಗಸರು ಅವಳಿಗೆ ಫರ್ ಮರದ ಸೊಪ್ಪು, ತೋಟದ ಹೂವು ಸುತ್ತಿ ಮದುವೆ ಹೆಣ್ಣಿನ ಹಾಗೆ ಕಳಿಸಿಕೊಟ್ಟೆವು. ಒಟ್ಟೀಲಿ ಗಂಟೆಯ ಬೆನ್ನು ಸವರಿ, "ನಮ್ಮ ಕಿಲಿಯನ್ ಅಲ್ಲೆಲ್ಲಾದ್ರೂ ಸಿಕ್ಕಿದ್ರೆ ಒಂದು ಕಣ್ಣಿಟ್ಟಿರು ಅನ್ನಾ" ಎಂದಳು. ಕಿಲಿಯನ್ ಅವಳ ದೊಡ್ಡ ಮಗ, ಫ್ರಾನ್ಸಿನಲ್ಲಿ ಕಂದಕದೊಳಗಿದ್ದ. ಎಲ್ಲರೂ ಅಳುತ್ತಲೇ ನಕ್ಕೆವು.

ಆ ಚಳಿಗಾಲ ಕಿಲಿಯನ್ ಸತ್ತ ಸುದ್ದಿ ಬಂತು. ಅವನ ಜೊತೆಗಿದ್ದವನೊಬ್ಬ ರಜೆಯಲ್ಲಿ ಬಂದು ಅವಳ ಅಡಿಗೆಮನೆಯಲ್ಲಿ ಕೂತು ನಡೆದದ್ದನ್ನು ಹೇಳಿದ. ಕಂದಕದ ಮೇಲೆ ಗುಂಡು ಬಿತ್ತಂತೆ, ಹೂಳಲು ಏನೂ ಉಳಿಯಲಿಲ್ಲವಂತೆ. ಎದ್ದು ಹೊರಡುವಾಗ, "ಅಮ್ಮಾ, ಅದು ನಮ್ಮದೇ ಗುಂಡು ಅಂತ ಕೆಲವರು ಹೇಳ್ತಾರೆ. ದೂರ ಹೋಗಬೇಕಾದ್ದು ಹತ್ರ ಬಿತ್ತಂತೆ" ಎಂದುಬಿಟ್ಟ. ಅವನು ಅಷ್ಟು ಹೇಳದೆ ಹೋಗಿದ್ದರೆ ಒಟ್ಟೀಲಿಯ ಬಾಳು ಬೇರೆ ಥರ ಇರುತ್ತಿತ್ತು.

"ರೆಗೀನೆ," ಎಂದಳು ನನ್ನನ್ನು ಕರೆದು, "ಅನ್ನಾನೇ ಹೋಗಿ ಅವನ ತಲೆ ಮೇಲೆ ಬಿದ್ದಳೋ ಏನೋ. ನಾನೇ ಹೇಳಿ ಕಳಿಸಿದ್ದೆನಲ್ಲ, ಸಿಕ್ಕಿದ್ರೆ ನೋಡ್ಕೋ ಅಂತ."

ಯುದ್ಧ ಮುಗಿಯಿತು. ಉಳಿದ ಗಂಡಸರು ಬಂದರು. ಬಂದವರು ಬಿಯರ್ ಅಂಗಡಿಯಲ್ಲಿ ಕೂತು, ನಾವು ಸೋಲಲಿಲ್ಲ, ಒಳಗಿನವರೇ ನಮ್ಮ ಬೆನ್ನಿಗೆ ಇರಿದು ಬೀಳಿಸಿದರು ಎಂದರು. ಮೊದಮೊದಲು ಒಬ್ಬಿಬ್ಬರು ಹೇಳುತ್ತಿದ್ದರು, ಆಮೇಲೆ ಎಲ್ಲರೂ. ಆಲೂಗಡ್ಡೆ ಕೊಳೆತರೂ ಹಸು ಕಂದು ಹಾಕಿದರೂ ಕೈ ತೋರಿಸುತ್ತಿದ್ದುದು ಗೆದ್ದವರು ನಮ್ಮಿಂದ ಬರೆಸಿಕೊಂಡ ಸಂಧಿಪತ್ರದ ಕಡೆಗೇ. ಸ್ಕೂಲು ಮೇಷ್ಟ್ರು ಡೊಟ್ಸ್‌ಲರ್ ಯುದ್ಧದಲ್ಲಿ ಸಣ್ಣ ಅಧಿಕಾರಿಯಾಗಿದ್ದವರು. ತರಗತಿಯ ಗೋಡೆಯ ನಕ್ಷೆಯಲ್ಲಿ ನಮ್ಮ ಕೈಬಿಟ್ಟ ಸೀಮೆಗಳಿಗೆಲ್ಲ ಕಪ್ಪು ಬಳಿದಿದ್ದರು. ಮಕ್ಕಳು ಎಣಿಕೆ ಕಲಿಯುವ ಮೊದಲು ಆ ಕಪ್ಪನ್ನು ಕಲಿತರು.

ಹೊಸ ಗಂಟೆಯ ಮಾತು ಎತ್ತಿದವರೂ ಮೇಷ್ಟ್ರೇ. ಯುದ್ಧದಲ್ಲಿ ಸತ್ತ ಊರಿನವರ ಹೆಸರೆಲ್ಲ ಗಂಟೆಯ ಸುತ್ತ ಉಬ್ಬು ಅಕ್ಷರದಲ್ಲಿ ಬರಬೇಕು, ಅಂಚಿನಲ್ಲಿ "ನಮ್ಮ ಮಾನ ಮರಳುವ ತನಕ ಕೂಗುವೆನು" ಎಂದಿರಬೇಕು ಎಂದರು. ಬಿಯರ್ ಅಂಗಡಿಯಲ್ಲಿ ಸಭೆ ಸೇರಿತು. ಎರಕದ ಮನೆಯವನು ಬಂದಿದ್ದ. ಅವನು ಕಂಚಿನ ಗಂಟೆಯ ಬೆಡಗನ್ನೆಲ್ಲ ಹೇಳಿ, ಕೊನೆಗೆ ಮೆಲ್ಲಗೆ, "ಈಗ ಉಕ್ಕಿನಲ್ಲೂ ಎರೀತಾರೆ. ದನಿ ಅಷ್ಟಕ್ಕಷ್ಟೆ. ಆದ್ರೆ ಅಗ್ಗ, ಮತ್ತೆ ಯಾವ ಸರ್ಕಾರವೂ ಅದನ್ನ ಕೇಳ್ಕೊಂಡು ಬರಲ್ಲ" ಎಂದ.

ಬಾಗಿಲ ಹತ್ತಿರ ನಿಂತಿದ್ದ ಒಟ್ಟೀಲಿ, "ಹಾಗಾದ್ರೆ ಉಕ್ಕಿಂದೇ ಮಾಡ್ಸಿ" ಎಂದಳು.

ಸಭೆಯಲ್ಲಿ ಹೆಂಗಸು ಬಾಯಿ ತೆಗೆದದ್ದು ಅದೇ ಮೊದಲು. ಮೇಷ್ಟ್ರು ತಿರುಗಿ ನೋಡಿದರು. "ಉಕ್ಕಿಂದಾ? ನಮ್ಮ ವೀರರಿಗೆ ಚಟ್ಟಿ ಬಡಿದ ಹಾಗೆ ಬಾರಿಸ್ತೀಯಾ?"

"ಚಟ್ಟಿ ಮನೇಲೇ ಉಳಿಯುತ್ತೆ ಮೇಷ್ಟ್ರೇ. ಅನ್ನಾ ಉಳಿದಳಾ?"

"ಅದು ಆಗ. ಇನ್ನೊಂದ್ಸಲ ಯಾರು ಒಯ್ತಾರೆ?"

"ಇನ್ನೊಂದು ಯುದ್ಧ ಇಲ್ಲ, ಒಯ್ಯೋರಿಲ್ಲ ಅಂತಾದ್ರೆ ಕೂಗೋದು ಯಾರನ್ನ? ಮಾನ ಮರಳಿ ತರೋದು ಯಾತರಲ್ಲಿ, ಸಲಿಕೆ ಹಿಡ್ಕೊಂಡಾ?"

ಯಾರೋ ನಕ್ಕರು, ಆಮೇಲೆ ನಿಲ್ಲಿಸಿದರು. ಮೇಷ್ಟ್ರ ಕಿವಿ ಕೆಂಪಾಯಿತು. "ನೋಡು ಒಟ್ಟೀಲಿ, ನಿನಗೆ ಊರಿನ ವಿಷಯ ಬೇಡ. ನಿನ್ನ ಮಗನ ಹೆಸರು ಎಲ್ಲರ ಜೊತೆ ಬರುತ್ತೆ. ಅದಕ್ಕಿಂತ ಇನ್ನೇನು?"

"ಕಂಚಿನ ಮೇಲೆ ನನ್ನ ಮಗನ ಹೆಸರು ಬೇಡ" ಎಂದಳು ಅವಳು. "ಒಂದ್ಸಲ ಸತ್ತಿದಾನೆ. ಕರಗಿಸಿ ಇನ್ನೊಂದ್ಸಲ ಕಳ್ಸೋಕೆ ನಾನು ಕೊಡಲ್ಲ."

ಅಲ್ಲಿಂದ ಹೊರಟು ಮನೆಗೆ ಹೋದಳು. ಅಂದು ಅವಳ ಪರ ಯಾರೂ ನಿಲ್ಲಲಿಲ್ಲ, ನನ್ನ ಗಂಡನೂ ಕೈ ಎತ್ತಿದ್ದು ಕಂಚಿಗೇ.

ಕಂಚಿಗೆ ಪ್ರತಿ ಮನೆಯಿಂದಲೂ ಲೋಹ ಕೊಡುವುದು ಪದ್ಧತಿ. ನಾನು ಅಜ್ಜಿಯ ಹಿತ್ತಾಳೆ ಕುಟ್ಟಾಣಿ ಕೊಟ್ಟೆ. ದನದ ವ್ಯಾಪಾರಿ ಲೆಮ್ಲೈನ್ ತನ್ನ ದೊಡ್ಡ ತಾಮ್ರದ ಹಂಡೆಯನ್ನೇ ಗಾಡಿಯಲ್ಲಿ ತಂದ. ಅವನು ಯಹೂದಿ, ಚರ್ಚಿಗೆ ಬರುವವನಲ್ಲ. ಆದರೆ ಅವನ ಮಗ ಹ್ಯೂಗೋ ನಮ್ಮ ಹುಡುಗರ ಜೊತೆಯಲ್ಲೇ ಸತ್ತಿದ್ದ. ಹೆಸರು ಹಾಕಬೇಕೆಂದು ಪಾದ್ರಿಗಳೇ ಹೇಳಿದ್ದರು, ಆಗ ಯಾರೂ ಎದುರಾಡಲಿಲ್ಲ. ಒಟ್ಟೀಲಿಯ ಮನೆಯಿಂದ ಒಂದು ಮೊಳೆಯೂ ಹೋಗಲಿಲ್ಲ.

ಇದಕ್ಕೆ ಎಲ್ಲರಿಗಿಂತ ಸಿಟ್ಟಾದವನು ಅವಳ ಎರಡನೆಯ ಮಗ ಲೊರೆನ್ಸ್. ಶ್ವೈನ್‌ಫುರ್ಟಿನ ಬೇರಿಂಗ್ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಕಲಿಯುತ್ತಿದ್ದ. ಭಾನುವಾರ ಬಂದವನು ಬಾಗಿಲಲ್ಲೇ ಶುರುಮಾಡಿದ. "ಊರಲ್ಲಿ ಎಲ್ಲಾರ ಅಣ್ಣಂದಿರೂ ಗಂಟೆ ಮೇಲಿದಾರೆ. ನಮ್ಮಣ್ಣ ಏನು ಓಡಿಹೋದವನಾ?"

"ಅವನು ನನ್ನ ಹತ್ರ ಇದಾನೆ."

"ಎಲ್ಲಿ? ಒಂದು ಕಲ್ಲಿಲ್ಲ, ಒಂದು ಅಕ್ಷರ ಇಲ್ಲ. ನಿನ್ನ ಹಟದಲ್ಲಿ ಎರಡನೇ ಸಲ ಹೂತುಬಿಟ್ಟೆ ಅವನನ್ನ."

ಅವಳ ಕೈ ಏಪ್ರನ್ ತಿರುಚುತ್ತಲೇ ಇತ್ತು. ಅವನ ಮಾತು ನಾಟಿತ್ತು. ಹೂಳಲು ದೇಹವಿಲ್ಲದವನಿಗೆ ಹೆಸರಾದರೂ ಎಲ್ಲಾದರೂ ಇರಬೇಕೆಂದು ಅವಳಿಗಿಂತ ಹೆಚ್ಚು ಯಾರಿಗೆ ಆಸೆ? ಉಕ್ಕಿನ ಮೇಲಾಗಿದ್ದರೆ ಆ ಕ್ಷಣವೇ ಕೊಡುತ್ತಿದ್ದಳು.

ಹೊಸ ಗಂಟೆ ಬಂತು. ಮಿಖಾಯೆಲ್ ಎಂದು ಹೆಸರಿಟ್ಟರು. ಮೊದಲ ದಿನ ಹಗ್ಗ ಎಳೆದವಳು ಒಟ್ಟೀಲಿಯೇ. ಎಳೆಯುತ್ತಾಳೋ ಇಲ್ಲವೋ ಎಂದು ಊರೆಲ್ಲ ಕತ್ತು ಚಾಚಿ ನೋಡುತ್ತಿತ್ತು. ಎಳೆದಳು. ಎದೆಗೂಡು ತುಂಬುವಂಥ ಸ್ವರ. ಇಳಿದು ಬಂದ ಮೇಲೆ ನನಗೆ ಹೇಳಿದಳು, "ಎಷ್ಟು ಚೆನ್ನಾಗಿದಾನೆ ನೋಡು. ಅದಕ್ಕೇ ನಂಗೆ ಭಯ."

ಆಮೇಲಿನ ವರ್ಷಗಳಲ್ಲಿ ಕೆಲಸವಿಲ್ಲದೆ ಲೊರೆನ್ಸ್ ಮನೆಯಲ್ಲಿ ಕೂತ. ಅಮ್ಮ ಮಾಡಿದ ಆಲೂಗಡ್ಡೆ ಕಡುಬನ್ನು ನುಂಗುತ್ತ, ಮೇಷ್ಟ್ರ ಮನೆಯ ರೇಡಿಯೋ ಕೇಳುತ್ತ ಕಾಲ ಕಳೆದ. ಹೊಸ ಸರ್ಕಾರ ಬಂತು. ಮೇಷ್ಟ್ರು ಆಳುವ ಪಕ್ಷದ ಕಂದು ಅಂಗಿ ತೊಟ್ಟರು. ಕಾರ್ಖಾನೆ ಮತ್ತೆ ಕರೆಯಿತು. ಮೊದಲು ಹಗಲು ಪಾಳಿ, ಆಮೇಲೆ ರಾತ್ರಿ ಪಾಳಿಯೂ ಬಂತು. ಲೊರೆನ್ಸ್ ಮೋಟಾರ್ ಬೈಕಿನಲ್ಲಿ ಬರತೊಡಗಿದ. ಅಮ್ಮನಿಗೆ ಕಾಫಿಬೀಜ ತಂದ, ಉಣ್ಣೆಯ ಶಾಲು ತಂದ.

"ಅಷ್ಟೊಂದು ಬೇರಿಂಗು ಯಾತಕ್ಕೋ?" ಎಂದಳು ಒಟ್ಟೀಲಿ ಕಾಫಿ ಬಸಿಯುತ್ತ.

"ಗಾಡಿಗೆ."

"ಯಾವ ಗಾಡಿಗೆ?"

"ತಿರುಗೋ ಗಾಡಿಗೆ ಅಮ್ಮ. ಈಗ ಊರಲ್ಲಿ ಯಾರಾದ್ರೂ ಹಸಿದಿದಾರಾ? ಹೇಳು."

ಯಾರೂ ಹಸಿದಿರಲಿಲ್ಲ. ಅದಕ್ಕೇ ಅವಳ ಪ್ರಶ್ನೆ ಯಾರಿಗೂ ಬೇಕಿರಲಿಲ್ಲ. ನನಗೂ ಆಗ ಕಾಫಿಯ ಪರಿಮಳ ಹಿತವಾಗಿತ್ತು.

ಸಂಧಿಪತ್ರದಲ್ಲಿ ನಿಷೇಧಿಸಿದ್ದ ದೊಡ್ಡ ಸೈನ್ಯವನ್ನು ಮತ್ತೆ ಕಟ್ಟುತ್ತೇವೆ, ಪ್ರಾಯದ ಗಂಡಸರೆಲ್ಲ ಸೇರಬೇಕು ಎಂದು ಸರ್ಕಾರ ಸಾರಿದ ದಿನ ಮೇಷ್ಟ್ರು ಏದುಸಿರು ಬಿಡುತ್ತ ಗೋಪುರಕ್ಕೆ ಬಂದರು. "ಬಾರಿಸು ಒಟ್ಟೀಲಿ! ಮಾನ ಮರಳಿತು!" ಅವಳು ಹಗ್ಗ ಹಿಡಿದಳು. ಸ್ವಲ್ಪ ಹೊತ್ತು ಕೇಳಿದ ಮೇಷ್ಟ್ರಿಗೆ ರೇಗಿತು. "ಏನಿದು, ಹೆಣ ಹೋಗೋವಾಗ ಬಾರಿಸೋ ಹಾಗೆ ಬಾರಿಸ್ತಿದೀಯ?"

"ಕೈಗೆ ಅದೇ ರೂಢಿ ಮೇಷ್ಟ್ರೇ" ಎಂದಳು.

ಮರುವರ್ಷ ಮಾರ್ಚಿನಲ್ಲಿ, ಸತ್ತ ಯೋಧರನ್ನು ನೆನೆಯುವ ದಿನ ಬಂದಾಗ, ಲೊರೆನ್ಸ್ ಅಮ್ಮನ ಕೈ ಹಿಡಿದು ಗೋಪುರ ಹತ್ತಿಸಿದ. "ಕಣ್ಣು ಮುಚ್ಕೋ, ನಿನಗೊಂದು ಉಡುಗೊರೆ" ಎಂದ. ಗಂಟೆಗೆ ಕಟ್ಟುವ ಹಾರ ಹೊತ್ತು ನಾನು ಹಿಂದೆ ಏಣಿಯಲ್ಲಿದ್ದೆ. ಅವನು ಅವಳ ಬೆರಳನ್ನು ಹಿಡಿದು ಗಂಟೆಯ ಮೇಲಿಟ್ಟ. ಉಳಿದ ಹೆಸರುಗಳೆಲ್ಲ ಉಬ್ಬಿದ್ದವು, ಇದು ಉಳಿಯಿಂದ ಕೆತ್ತಿದ ಹೆಸರು, ಆಳವಾಗಿ, ನೇರವಾಗಿ, ಕೈಚಳಕ ಎದ್ದು ಕಾಣುವ ಹಾಗೆ. ಕಿಲಿಯನ್.

ಅವಳು ಕಣ್ಣು ತೆರೆಯದೆ ಅಕ್ಷರ ಅಕ್ಷರ ಸವರಿದಳು. ಬಯ್ಯುತ್ತಾಳೆಂದು ನಾನು ಕಾದೆ. ಬಯ್ಯಲಿಲ್ಲ. ಕೆನ್ನೆಯನ್ನು ಕಂಚಿಗೆ ಆನಿಸಿದಳು. ಅಷ್ಟು ವರ್ಷ ಬೇಡ ಬೇಡವೆಂದು ತಡೆದಿಟ್ಟುಕೊಂಡದ್ದು ಒಂದೇ ಗಳಿಗೆಯಲ್ಲಿ ಬಿಟ್ಟುಹೋದ ಹಾಗಿತ್ತು.

ಆಮೇಲೆ ಅವಳ ಬೆರಳು ಅಕ್ಷರದ ಆಚೀಚೆ ಹೋಯಿತು. "ಇಲ್ಲಿ ತಗ್ಗಾಗಿದೆ. ಇಲ್ಲಿ ಯಾರಿದ್ರು?"

ಲೊರೆನ್ಸ್ ಅಂಗಿಯ ಗುಂಡಿ ನೋಡಿಕೊಂಡ. "ಲೆಮ್ಲೈನನ ಹ್ಯೂಗೋ."

"ಯಾರು ತೆಗೆದ್ರು?"

"ಮೇಷ್ಟ್ರು ಹೇಳಿದ್ರು, ಅವರು ನಮ್ಮೋರಲ್ಲ ಅಂತ."

"ಯಾರು ತೆಗೆದ್ರು ಅಂದೆ."

"ನಾನು" ಎಂದ. "ನಾನಲ್ದಿದ್ರೆ ಇನ್ನೊಬ್ಬ ಅರ ಹಿಡಿದು ಉಜ್ಜಿ ತೆಗೀತಿದ್ದ. ನಾನು ಹಿಡಿದಿದ್ದಕ್ಕೆ ಅಣ್ಣನಿಗೆ ಜಾಗ ಸಿಕ್ತು. ನಿನಗೋಸ್ಕರ ಮಾಡಿದ್ದು ಅಮ್ಮ."

ಒಟ್ಟೀಲಿ ಏಣಿ ಇಳಿದಳು. ಮನೆಯಲ್ಲಿದ್ದ, ಜಡೆಯಂತೆ ಹೆಣೆದ ಸಿಹಿಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನೇರ ಲೆಮ್ಲೈನನ ಮನೆಗೆ ನಡೆದಳು, ಬೀದಿಯ ಕಿಟಕಿಗಳೆಲ್ಲ ನೋಡುವ ಹಾಗೆ. ನಾನು ಗೇಟಿನ ತನಕ ಹೋದೆ, ಒಳಗೆ ಹೋಗುವ ಧೈರ್ಯ ಬರಲಿಲ್ಲ. ಅವಳು ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಮುದುಕ ಪೂರ್ತಿ ಕೇಳಿಸಿಕೊಂಡ.

"ಹೆಸರು ತೆಗೆದರು, ಸರಿ" ಎಂದ. "ನನ್ನ ಹಂಡೆ? ಅದನ್ನೂ ಗಂಟೆಯಿಂದ ತೆಗೆದು ಕೊಡ್ತಾರಂತಾ?"

ಅವಳು ಬ್ರೆಡ್ಡಿನ ಗಂಟನ್ನು ಚಾಚಿದಳು. ಅವನು ತಕ್ಕೊಂಡ. "ಒಳಗೆ ಬಾ ಅನ್ನಲ್ಲ ಒಟ್ಟೀಲಿ. ಬಂದ್ರೆ ನಿನಗೆ ತೊಂದ್ರೆ" ಎಂದು ಬಾಗಿಲು ಹಾಕಿದ. ಮುಂದಿನ ಚಳಿಗಾಲದ ಹೊತ್ತಿಗೆ ಆ ಮನೆಯಲ್ಲಿ ಬೇರೆಯವರಿದ್ದರು. ಲೆಮ್ಲೈನ್ ನ್ಯೂರೆಂಬರ್ಗಿಗೆ ಹೋದ ಎಂದರು. ಆಮೇಲೆ ಅವನ ಸುದ್ದಿಯನ್ನು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಒಟ್ಟೀಲಿಗೆ ಅಂದಿನಿಂದ ನೆಮ್ಮದಿ ಎಂಬುದೇ ಹೋಯಿತು. ಗಂಟೆಯ ಕೀಲಿಗೆ ಎಣ್ಣೆ ಹಾಕುವ ನೆವದಲ್ಲಿ ಮೇಲೆ ಹತ್ತುವಳು, ಮಗನ ಹೆಸರು ಮುಟ್ಟುವಳು, ಬೆರಳು ತಗ್ಗಿಗೆ ತಾಗಿದೊಡನೆ ಸುಟ್ಟುಕೊಂಡವಳಂತೆ ಕೈ ಹಿಂದೆಗೆಯುವಳು. ಅಲ್ಲಿಗೆ ಹೋಗದೆ ಇರಲಾರಳು, ಹೋದರೆ ನಿಲ್ಲಲಾರಳು. "ಅವನಿಗೆ ಜಾಗ ಬೇಕು ಅಂತಿದ್ದೆ ರೆಗೀನೆ. ಎಂಥ ಜಾಗ ಸಿಕ್ತು ನೋಡು" ಎನ್ನುತ್ತಿದ್ದಳು.

ಎರಡನೆಯ ಯುದ್ಧ ಶುರುವಾದಾಗ ಊರಿನಲ್ಲಿ ಯಾರೂ ಕುಣಿಯಲಿಲ್ಲ. ಅಷ್ಟು ವರ್ಷ ಕೂಗಿ ಕರೆದದ್ದು ಬಾಗಿಲಿಗೆ ಬಂದು ನಿಂತಾಗ ಎಲ್ಲರೂ ಅವರವರ ಬೂಟು ನೋಡಿಕೊಂಡರು. ಕಾರ್ಖಾನೆಯ ಕೆಲಸ ಮುಖ್ಯವೆಂದು ಲೊರೆನ್ಸ್‌ನನ್ನು ಮೊದಲು ಬಿಟ್ಟಿದ್ದರು. ಆಮೇಲೆ ಅವನನ್ನೂ ಕರೆಸಿ ರಷ್ಯಾಕ್ಕೆ ಕಳಿಸಿದರು. ಅವನು ಹೋದ ಚಳಿಗಾಲ ಕಳೆಯುವಾಗ ಆಜ್ಞೆ ಬಂತು: ಕಂಚಿನ ಗಂಟೆಗಳನ್ನೆಲ್ಲ ಇಳಿಸಬೇಕು, ಹೊಸ ಗಂಟೆಗಳು ಮೊದಲು.

ಮಿಖಾಯೆಲ್‌ನನ್ನು ಇಳಿಸಿ ಚರ್ಚಿನ ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಕೂರಿಸಿದರು. ಮಧ್ಯಾಹ್ನದ ಮೇಲೆ ಲಾರಿ ಬರುವುದಿತ್ತು. ನಾವು ಹೆಂಗಸರು ಪದ್ಧತಿಯಂತೆ ಫರ್ ಸೊಪ್ಪು ತಂದೆವು. ಒಟ್ಟೀಲಿ ಬಂದವಳು ಏಪ್ರನ್ನಿನ ಒಳಗಿಂದ ಲೊರೆನ್ಸ್‌ನ ಅರ ಹೊರತೆಗೆದಳು. ಹ್ಯೂಗೋನ ಹೆಸರು ತೆಗೆದ ಅದೇ ಅರ.

"ನೀವು ಸೊಪ್ಪು ಕಟ್ಟಿ, ನಾನು ಹಿಂದೆ ಕೂತು ಉಜ್ಜುತೀನಿ" ಎಂದಳು. "ಅವನನ್ನ ಕಳ್ಸಲ್ಲ ನಾನು."

"ಸರ್ಕಾರದ ಮಾಲು ಒಟ್ಟೀಲಕ್ಕ, ಕಂಡ್ರೆ ಹಿಡ್ಕೊಂಡು ಹೋಗ್ತಾರೆ" ಎಂದೆ.

"ಹಾಗಾದ್ರೆ ಜೋರಾಗಿ ಜಪ ಮಾಡಿ. ಅರದ ಸದ್ದು ಕೇಳಬಾರ್ದು."

ಜಪಮಾಲೆ ತೆಗೆದು ಶುರುಮಾಡಿದೆವು. ಅಷ್ಟು ಗಟ್ಟಿಯಾಗಿ ದೇವಮಾತೆಯನ್ನು ನಾವು ಕೂಗಿದ್ದೇ ಇಲ್ಲ. ಅವಳು ಉಜ್ಜಿದಳು, ಇನ್ನೂ ಉಜ್ಜಿದಳು. ನಾನು ಬಗ್ಗಿ ನೋಡಿದೆ. ಸುತ್ತಲಿನ ಕಂಚು ಹೊಳೆಯುತ್ತಿತ್ತು, ಹೆಸರು ಹಾಗೇ ಇತ್ತು. ಉಬ್ಬಿದ್ದರೆ ಉಜ್ಜಿ ತೆಗೆಯಬಹುದು. ಕೆತ್ತಿದ್ದನ್ನು ತೆಗೆಯಬೇಕಾದರೆ ಸುತ್ತಲಿನ ಕಂಚನ್ನೆಲ್ಲ ಅಷ್ಟೇ ಆಳಕ್ಕೆ ತೆಗೆಯಬೇಕು. ತಗ್ಗಿನಲ್ಲಿ ಕಾಣಲಿ ಎಂದು ಲೊರೆನ್ಸ್ ಅಷ್ಟು ಆಳವಾಗಿ ಕೆತ್ತಿದ್ದ.

ಅವಳು ಉಸಿರು ಬಿಟ್ಟು ಅರವನ್ನು ನನ್ನ ಕಡೆ ಚಾಚಿದಳು. "ನಿನ್ನ ಅಣ್ಣ ಕಾಸ್ಪರ್ ಇಲ್ಲೇ ಇದಾನಲ್ಲ. ಅವನನ್ನ ಮೊದಲು ತೆಗಿ. ನನ್ನದು ಆಮೇಲೆ."

ನಾನು ಜಪ ನಿಲ್ಲಿಸದೆ ಕೂತೆ. ಕಾಸ್ಪರ್‌ನ ಅಕ್ಷರಗಳು ಉಬ್ಬಿದ್ದವು, ಕೈ ಸೋಲುವ ಹೊತ್ತಿಗೆ ಹೋದವು. ಹಳದಿ ಪುಡಿ ಏಪ್ರನ್ನಿಗೆ ಉದುರಿತು. ನನ್ನ ಕೈಯಿಂದ ಅರ ಪಕ್ಕದವಳಿಗೆ ಹೋಯಿತು, ಅಲ್ಲಿಂದ ಇನ್ನೊಬ್ಬಳಿಗೆ. ಯಾರೂ ಯಾರನ್ನೂ ಕೇಳಲಿಲ್ಲ. ಉಕ್ಕು ಎಂದಳೆಂದು ಅವಳನ್ನು ಆಡಿಕೊಂಡು ನಕ್ಕಿದ್ದ ಹೆಂಗಸರೇ ಎಲ್ಲ.

ಅಷ್ಟರಲ್ಲಿ ಮೇಷ್ಟ್ರು ಅಂಗಳಕ್ಕೆ ಬಂದರು. ಕೋಲೂರಿಕೊಂಡು ನಡೆಯುತ್ತಿದ್ದರು, ಹಿಂದಿನ ತಿಂಗಳು ಅವರ ಮಗನೂ ರಷ್ಯಾದಲ್ಲಿ ಬಿದ್ದಿದ್ದ. ನಮ್ಮ ಏಪ್ರನ್ನುಗಳ ಮೇಲಿನ ಪುಡಿಯನ್ನು ನೋಡಿದರು. ಜಪ ಬಾಯಲ್ಲೇ ನಿಂತಿತು. ಒಟ್ಟೀಲಿ ಅವರ ಮುಖವನ್ನೇ ದಿಟ್ಟಿಸಿ, "ಬರ್ತೀರಾ ಮೇಷ್ಟ್ರೇ, ನೀವೂ ಒಂದು ಹೂವು ಕಟ್ಟೋಕೆ?" ಎಂದಳು. ಅವರು ಟೋಪಿ ಹಾಕಿಕೊಂಡು ಬಂದ ದಾರಿಯಲ್ಲೇ ಹೋದರು. ಯಾರಿಗೂ ಹೇಳಲಿಲ್ಲ. ಯಾಕೆಂದು ನನಗೆ ಇಂದಿಗೂ ಗೊತ್ತಿಲ್ಲ.

ಅರ ಸುತ್ತಿ ಒಟ್ಟೀಲಿಯ ಕೈಗೆ ಮರಳುವಾಗ ಹಲ್ಲು ಸವೆದು ನುಣ್ಣಗಾಗಿತ್ತು. ಕೂತು ಉಜ್ಜಿದಳು. ಬೆರಳಿನ ಗೆಣ್ಣು ಕಿತ್ತು ರಕ್ತ ಬಂತು. ಕೆಳಗಿನ ತಿರುವಿನಲ್ಲಿ ಲಾರಿಯ ಸದ್ದು ಕೇಳಿತು. "ಬಿಡು ಅಕ್ಕ" ಎಂದೆ. ಬಿಡಲಿಲ್ಲ. ಲಾರಿ ಗೇಟಿಗೆ ಬಂದಾಗ ನಾನೇ ಅವಳ ತೋಳು ಹಿಡಿದು ಎಬ್ಬಿಸಿದೆ, ಉಳಿದವರು ಸೊಪ್ಪು ಎಳೆದು ಮುಚ್ಚಿದರು. ಡ್ರೈವರು, "ಒಳ್ಳೇ ಸಿಂಗಾರ ಮಾಡಿದೀರಿ" ಎಂದ. ಗಂಟೆ ಹೋಯಿತು. ಅದರ ಮೇಲೆ ಉಳಿದದ್ದು ಒಂದೇ ಹೆಸರು, ಮೊದಲ ದಿನದಿಂದ ಬೇಡವೆಂದವಳ ಮಗನದು.

ಎಲ್ಲರ ಪುಡಿಯನ್ನೂ ಒಂದೇ ಕರವಸ್ತ್ರಕ್ಕೆ ಸುರಿದು ಸ್ಮಶಾನದ ಗೋಡೆಯ ಬುಡದಲ್ಲಿ ಹೂತೆವು. "ನಿಂದೂ ಒಂದಿಷ್ಟು ಬಂದಿರುತ್ತೆ ಅಕ್ಕ, ಅಷ್ಟು ಉಜ್ಜಿದೀಯ" ಎಂದೆ ಸಮಾಧಾನಕ್ಕೆ.

"ಬಂದಿದ್ರೆ ಅದು ಹ್ಯೂಗೋನ ಜಾಗದ್ದು" ಎಂದಳು. ಆಮೇಲೆ, "ಬರ್ಲಿ. ಅವನಿಗೂ ಒಂದು ಗುಳಿ ಬೇಕಲ್ಲ" ಎಂದು ಮಣ್ಣು ತುಳಿದು ಗಟ್ಟಿಮಾಡಿದಳು.

ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ಲೊರೆನ್ಸ್ ರಷ್ಯಾದ ಸೆರೆಯಿಂದ ಬಂದ. ಬಲಗೈ ಬೆರಳುಗಳನ್ನು ಚಳಿ ತಿಂದಿತ್ತು. ಗೋಪುರದ ಕಡೆ ನೋಡಿ, "ಅಣ್ಣನೂ ಹೋದನಾ?" ಎಂದ.

"ಹೋದ. ನೀನು ಗಟ್ಟಿಯಾಗಿ ಕೆತ್ತಿದ್ದೆ."

ಅವನು ಆ ಮೊಂಡು ಕೈಯನ್ನು ಜೇಬಿಗೆ ಹಾಕಿಕೊಂಡ. ಒಟ್ಟೀಲಿ ಕಡುಬನ್ನು ಸಣ್ಣಗೆ ಹಿಸುಕಿ ಅವನ ಮುಂದಿಟ್ಟಳು.

ಹೊಸ ಸೈನ್ಯ ಬೇಕೋ ಬೇಡವೋ ಎಂದು ರೇಡಿಯೋದಲ್ಲಿ ಮತ್ತೆ ವಾದ ಶುರುವಾದ ವರ್ಷ ಒಂದು ಲಾರಿ ಚರ್ಚಿನ ಮುಂದೆ ನಿಂತಿತು. ಒಟ್ಟೀಲಿಗೆ ಆಗ ಬೆನ್ನು ಬಾಗಿತ್ತು. ಲಾರಿ ಯಾಕೆ ಬರುತ್ತದೆಂದು ಪಾದ್ರಿಗಳು ಹೇಳಿದ್ದನ್ನು ಮರೆತಿದ್ದಳೋ, ನಂಬಿರಲಿಲ್ಲವೋ, ಹಿಟ್ಟಿನ ಕೈಯಲ್ಲೇ ಓಡಿಬಂದು ಗೋಪುರದ ಬಾಗಿಲಿಗೆ ಅಡ್ಡ ನಿಂತಳು.

"ಏನು ಒಯ್ಯೋಕೆ ಬಂದ್ರಿ?"

"ಒಯ್ಯೋಕಲ್ಲ ಅಜ್ಜಿ, ತಂದಿದೀವಿ. ಗಂಟೆ."

"ಕಂಚಿಂದಾ?"

"ಉಕ್ಕಿಂದು."

ಅವಳು ಲಾರಿಯ ಹತ್ತಿರ ಹೋಗಿ ಗಂಟೆಯನ್ನು ಬೆರಳಿನ ಗೆಣ್ಣಿನಿಂದ ಬಡಿದಳು. ಚಟ್ಟಿ ಬಡಿದ ಹಾಗೇ ಇತ್ತು. ಸುತ್ತ ಬಂದು ನೋಡಿದಳು, ಎಲ್ಲೂ ಒಂದು ಅಕ್ಷರವಿರಲಿಲ್ಲ. "ಇಳಿಸಿ" ಎಂದು ಬಾಗಿಲು ಬಿಟ್ಟಳು.

ಆಮೇಲೂ ಬೀದಿಯಲ್ಲಿ ಲಾರಿ ನಿಂತ ಸದ್ದಾದರೆ ಅವಳು ಕಿಟಕಿಗೆ ಬರುತ್ತಿದ್ದಳು, ಏಪ್ರನ್ ತಿರುಚುತ್ತ.